ಭಾನುವಾರದಿಂದ ಶುರುವಾಗುವ ವಾರ

ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಚರ್ಚುಗಳಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಆರಾಧನೆ ಮುಗಿದ ಮೇಲೆ ಹಲವು ಸಭೆಗಳಲ್ಲಿ ಹೊಸ ವರ್ಷದ ವಾಗ್ದಾನದ ವಾಕ್ಯ ಅಚ್ಚಾದ ಚೀಟಿ ಕೈಗೆ ಬರುತ್ತದೆ. ಮನೆ ತಲುಪುವಷ್ಟರಲ್ಲಿ ಅದರ ಜೊತೆಗೆ ನಮ್ಮ ಕಡೆಯ ವಾಗ್ದಾನಗಳೂ ಸೇರಿಕೊಂಡಿರುತ್ತವೆ: ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥಿಸಬೇಕು, ಸಿಟ್ಟು ಬಿಡಬೇಕು, ಈ ವರ್ಷವಾದರೂ ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಕೊನೆಯದನ್ನೇ ಲೆಕ್ಕ ಹಾಕಿ ನೋಡಿ. ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ. ವರ್ಷದೊಳಗೆ ಮುಗಿಯಬೇಕಾದರೆ ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು ಓದಬೇಕು. ಆದಿಕಾಂಡದ 50, ವಿಮೋಚನಕಾಂಡದ 40 ಕಥೆಯ ಓಟದಲ್ಲಿ ಹೇಗೋ ಮುಗಿಯುತ್ತವೆ. ಜನವರಿ 28ರ ಸುಮಾರಿಗೆ ಯಾಜಕಕಾಂಡ ಎದುರಾಗುತ್ತದೆ. ಸರ್ವಾಂಗಹೋಮ, ಧಾನ್ಯದ ಅರ್ಪಣೆ, ಸುಡಬೇಕಾದ ಕೊಬ್ಬು. ಎಷ್ಟೋ ಜನರ ಓದು ಅಲ್ಲಿಗೆ ನಿಲ್ಲುತ್ತದೆ. ತಮಾಷೆಯೆಂದರೆ, ನಮ್ಮ ಪ್ರಯತ್ನ ಕೈಕೊಡುವ ಆ ಪುಸ್ತಕದಲ್ಲಿ ಇರುವುದು ಹೆಚ್ಚಾಗಿ ಆರಾಧನೆಯ ವಿಷಯವೇ. ತಪ್ಪಿದವನು ದೇವರ ಬಳಿಗೆ ಮರಳುವ ದಾರಿಯನ್ನು ದೇವರೇ ಹಾಕಿಕೊಡುವುದು ಅಲ್ಲಿಯ ಸಂಗತಿ. ಐದನೇ ಅಧ್ಯಾಯದಲ್ಲಿ ಒಂದು ನಿಯಮವಿದೆ: ಕುರಿ ತರುವ ಶಕ್ತಿ ಇಲ್ಲದವನು ಎರಡು ಹಕ್ಕಿ ತರಲಿ, ಅದಕ್ಕೂ ಗತಿಯಿಲ್ಲದವನು ಒಂದಿಷ್ಟು ಗೋಧಿಹಿಟ್ಟು ತಂದರೆ ಸಾಕು. ಸೋತವನನ್ನು ಹೊರಗಿಡದ ಹಾಗೆ ಬರೆದ ನಿಯಮ ಅದು. ಅದನ್ನು ಓದಲಾಗದೆ ನಾವು ಸೋಲುತ್ತೇವೆ, ಸೋತೆವೆಂದು ಕೊರಗುತ್ತೇವೆ.

ಕೊಡಿಗೇಹಳ್ಳಿ, ಸಹಕಾರನಗರ, ಬ್ಯಾಟರಾಯನಪುರದ ಕಡೆಯ ಕ್ರೈಸ್ತ ಮನೆಗಳಿಗೆ ಈ ಕೊರಗು ವಿಶೇಷವಾಗಿ ಗೊತ್ತು. ಇಲ್ಲಿ ದುಡಿಯುವವರ ವಾರ ಸೋಮವಾರ ಶುರುವಾಗುತ್ತದೆ, ಟಾರ್ಗೆಟ್‌ನಿಂದ ಶುರುವಾಗುತ್ತದೆ. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತು ಕೆಲಸ ಮಾಡುವವರಿಗೂ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿ ಪಾಳಿ ಮಾಡುವವರಿಗೂ ವರ್ಷಕ್ಕೊಮ್ಮೆ ಕೆಲಸದ ಮೌಲ್ಯಮಾಪನ ಇದ್ದೇ ಇರುತ್ತದೆ. ಅದೇ ಅಭ್ಯಾಸ ಭಕ್ತಿಗೂ ಅಂಟಿಕೊಳ್ಳುತ್ತದೆ. ಎಷ್ಟು ಅಧ್ಯಾಯ ಓದಿದೆ, ಎಷ್ಟು ದಿನ ಉಪವಾಸ ಮಾಡಿದೆ, ಎಷ್ಟು ಸಲ ಎಡವಿದೆ ಎಂಬ ಲೆಕ್ಕದಲ್ಲೇ ಕ್ರೈಸ್ತ ಬದುಕು ನಡೆಯುತ್ತದೆ. ಭಾನುವಾರದ ಆರಾಧನೆ ಆ ಲೆಕ್ಕದ ಇನ್ನೊಂದು ಸಾಲಾಗುತ್ತದೆ. ಈ ಕ್ರಮವನ್ನು ತಿರುಗಿಸಬೇಕು ಎನ್ನುವುದು ಈ ಲೇಖನದ ವಾದ. ಆರಾಧನೆ ಮೊದಲು, ಪ್ರಯತ್ನ ಅದರ ಬೆನ್ನಿಗೆ. ಸಿಎಸ್‌ಐ, ಕಥೋಲಿಕ, ಬ್ಯಾಪ್ಟಿಸ್ಟ್, ಪೆಂತೆಕೊಸ್ತ್ ಯಾವ ಸಭೆಯವರಾದರೂ ಅವರವರ ಪದ್ಧತಿಯೊಳಗೇ ಇದನ್ನು ಮಾಡಬಹುದು.

ಈ ಕ್ರಮ ಸತ್ಯವೇದದ್ದೇ. ದಶಾಜ್ಞೆಗಳು ಬರುವುದು ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ. ಅಷ್ಟರಲ್ಲಿ ಜನ ಐಗುಪ್ತದಿಂದ ಹೊರಬಿದ್ದಾಗಿದೆ, ಸಮುದ್ರ ದಾಟಿಯಾಗಿದೆ, ಮನ್ನಾ ತಿಂದಾಗಿದೆ. ಆಜ್ಞೆ ಪಾಲಿಸಿದ್ದಕ್ಕೆ ಬಿಡುಗಡೆ ಸಿಕ್ಕಿತು ಎಂದು ಆ ಪುಸ್ತಕದ ಯಾವ ಮೂಲೆಯಲ್ಲೂ ಇಲ್ಲ. ಮೋಶೆ ಫರೋಹನ ಮುಂದೆ ಮತ್ತೆ ಮತ್ತೆ ಇಟ್ಟ ಬೇಡಿಕೆಯಾದರೂ ಏನು? ನನ್ನ ಜನರು ದೇವರನ್ನು ಆರಾಧಿಸಲು ಹೋಗಬೇಕು, ಬಿಡು ಎನ್ನುವುದೇ. ಪೌಲನೂ ಹಾಗೆಯೇ. ರೋಮಾಪುರದವರಿಗೆ ಬರೆದ ಪತ್ರದ ಮೊದಲ ಹನ್ನೊಂದು ಅಧ್ಯಾಯಗಳಲ್ಲಿ ಅವನ ಮುಖ್ಯ ವಿಷಯ ದೇವರು ಮಾಡಿದ್ದು. ಹೀಗೆ ನಡೆಯಿರಿ, ಹಾಗೆ ಬಾಳಿರಿ ಎಂಬ ಸಾಲು ಸಾಲು ಬುದ್ಧಿಮಾತು ಹನ್ನೆರಡನೆಯದರಿಂದ ಶುರು. ಅದನ್ನೂ ಅವನು ಸಾಧನೆ ಎನ್ನುವುದಿಲ್ಲ. ನಿಮ್ಮ ದೇಹವನ್ನೇ ಅರ್ಪಿಸುವ ಆರಾಧನೆ ಎನ್ನುತ್ತಾನೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಇಬ್ಬರು ಪ್ರಾರ್ಥನೆಗೆ ದೇವಾಲಯಕ್ಕೆ ಹೋಗುತ್ತಾರೆ. ವಾರಕ್ಕೆರಡು ಉಪವಾಸದ ವರದಿ ಒಪ್ಪಿಸಿದ ಫರಿಸಾಯ ಹೋದ ಹಾಗೇ ಮನೆಗೆ ಮರಳುತ್ತಾನೆ. ಎದೆ ಬಡಿದುಕೊಂಡ ಸುಂಕದವನು ನೀತಿವಂತನೆನಿಸಿ ಹೋಗುತ್ತಾನೆ. ಇಬ್ಬರೂ ಆರಾಧನೆಗೇ ಬಂದವರು ಎಂಬುದನ್ನು ಇಲ್ಲಿ ಮರೆಯಬಾರದು. ಪ್ರಯತ್ನದ ಲೆಕ್ಕ ಆರಾಧನೆಯ ಒಳಗೂ ನುಗ್ಗಬಲ್ಲದು. ಈ ಮಾತಿಗೆ ಮುಂದೆ ಬರಬೇಕಿದೆ.

ಚರಿತ್ರೆಯಲ್ಲಿ ಇದರ ಅತ್ಯಂತ ಸ್ಪಷ್ಟ ಸಾಕ್ಷಿ ಜಾನ್ ವೆಸ್ಲಿ. ಬೆಂಗಳೂರಿಗರಿಗೆ ಅವನು ತೀರ ದೂರದವನಲ್ಲ. ಕಾರ್ಪೊರೇಷನ್ ಬಳಿ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ ಮಿಷನ್ನಿನದು. ಆ ಪರಂಪರೆಯ ಕನ್ನಡ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಇಂದಿನ ಸಿಎಸ್‌ಐಯಲ್ಲಿ ಸೇರಿದವು. ವೆಸ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ಅವನ ಗೆಳೆಯರ ಗುಂಪು ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಿತ್ತು, ಸೆರೆಮನೆಗಳಿಗೆ ಹೋಗಿ ಕೈದಿಗಳನ್ನು ನೋಡುತ್ತಿತ್ತು, ದಿನದ ಹೊತ್ತುಹೊತ್ತಿಗೂ ಲೆಕ್ಕ ಬರೆದಿಡುತ್ತಿತ್ತು. ಇಂದಿನ ಯಾವ ಮೊಬೈಲ್ ಆಪ್ ಕೂಡ ಅವನ ದಿನಚರಿಯ ಶಿಸ್ತಿಗೆ ಸಾಟಿಯಲ್ಲ. ಅಷ್ಟಾದರೂ ಅಮೆರಿಕದ ಜಾರ್ಜಿಯಾಕ್ಕೆ ಮಿಷನರಿಯಾಗಿ ಹೋಗಿ ಸೋತು ಮರಳಿದಾಗ ತನಗೆ ನಂಬಿಕೆಯೇ ಇಲ್ಲವೇನೋ ಎನ್ನಿಸುವ ಸ್ಥಿತಿಗೆ ಅವನು ಬಂದಿದ್ದ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟಕ್ಕೆ ಒಲ್ಲದ ಮನಸ್ಸಿನಿಂದಲೇ ಹೋಗಿ ಕೂತ. ಅಲ್ಲಿ ಒಬ್ಬರು ರೋಮಾಪುರದವರ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಕ್ರಿಸ್ತನು ತನ್ನ ಪಾಪವನ್ನೂ ತೆಗೆದುಹಾಕಿದ್ದಾನೆ ಎಂಬ ಭರವಸೆ ಅವನಿಗೆ ಆ ಗಳಿಗೆಯಲ್ಲಿ ಬಂತು. ಅಂದು ಅವನು ಮಾಡಿದ ಕೆಲಸ ಕೇಳಿಸಿಕೊಂಡದ್ದಷ್ಟೇ.

ಪ್ರಸಂಗಗಳಲ್ಲಿ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಮ್ಮ ವಿಷಯಕ್ಕೆ ಮುಂದಿನ ಎರಡು ವರ್ಷ ಹೆಚ್ಚು ಮುಖ್ಯ. ಎಲ್ಲವೂ ಕೃಪೆಯಾದರೆ ಸುಮ್ಮನಿರಿ, ನಂಬಿಕೆ ತಾನಾಗಿ ಬರುವವರೆಗೆ ಕರ್ತನ ಭೋಜನಕ್ಕೂ ಹೋಗಬೇಡಿ, ಸತ್ಯವೇದವನ್ನೂ ತೆರೆಯಬೇಡಿ ಎಂದು ಅವನ ಸಂಗಡಿಗರಲ್ಲೇ ಕೆಲವರು ಕಲಿಸತೊಡಗಿದರು. ವೆಸ್ಲಿ ಇದನ್ನು ಒಪ್ಪಲಿಲ್ಲ. 1740ರ ಜುಲೈನಲ್ಲಿ ಅವರನ್ನು ಬಿಟ್ಟು ಹೊರಬಂದ. ಪ್ರಾರ್ಥನೆ, ವಾಕ್ಯ, ಕರ್ತನ ಮೇಜು ಇವು ಕೃಪೆ ನಮ್ಮತ್ತ ಹರಿದು ಬರಲು ದೇವರು ತೋಡಿದ ಕಾಲುವೆಗಳು, ಕೃಪೆಗಾಗಿ ಕಾಯುವವನು ಕಾಯಬೇಕಾದದ್ದು ಅಲ್ಲೇ ಎನ್ನುವುದು ಅವನ ನಿಲುವು. ಒಂದು ಕಡೆ ಲೆಕ್ಕದ ಪುಸ್ತಕ, ಇನ್ನೊಂದು ಕಡೆ ಕೈಕಟ್ಟಿ ಕೂರುವುದು. ಎರಡನ್ನೂ ದಾಟಿದ ದಾರಿಗೆ ಅವನು ಕೊಟ್ಟ ರೂಪ ಆರಾಧನೆಯದು. ಇದೇ ಪ್ರಶ್ನೆ ನಮ್ಮ ನೆಲಕ್ಕೂ ಹೊಸದಲ್ಲ. ರಾಮಾನುಜರ ಪರಂಪರೆಯಲ್ಲಿ ಭಕ್ತ ತಾಯಿಯನ್ನು ತಬ್ಬಿ ಹಿಡಿದ ಮಂಗನ ಮರಿಯೋ, ತಾಯಿ ಬಾಯಲ್ಲಿ ಕಚ್ಚಿಕೊಂಡು ಒಯ್ಯುವ ಬೆಕ್ಕಿನ ಮರಿಯೋ ಎಂಬ ವಾದ ವಡಗಲೈ, ತೆಂಗಲೈ ಎಂಬ ಎರಡು ಪಂಗಡಗಳ ಗುರುತೇ ಆಗಿಹೋಯಿತು. ಕ್ರೈಸ್ತ ಆರಾಧನೆ ಬೆಕ್ಕಿನ ಮರಿಯ ಕಡೆ ವಾಲುತ್ತದೆ ಎನ್ನಬಹುದು. ಆದರೆ ತಾಯಿ ಬರುವ ಜಾಗ ಯಾವುದೆಂದು ಮರಿಗೆ ಗೊತ್ತಿರಬೇಕು ಎಂದೂ ಅದು ಹೇಳುತ್ತದೆ.

ಆರಾಧನೆಯ ಕ್ರಮವನ್ನು ಹತ್ತಿರದಿಂದ ನೋಡಿದರೆ ವಾದದ ಅಗತ್ಯವೇ ಬೀಳುವುದಿಲ್ಲ. ಕರೆಯುವವರು ನಾವಲ್ಲ, ಕರೆಸಿಕೊಂಡು ಬಂದವರು. ಬಂದ ಸ್ವಲ್ಪ ಹೊತ್ತಿಗೇ ಪಾಪದ ಅರಿಕೆ, ಅದರ ಬೆನ್ನಿಗೇ ಕ್ಷಮೆಯ ಮಾತು. ಆಮೇಲೆ ವಾಕ್ಯ ಕೇಳುವುದು, ನಂಬಿಕೆಯ ಅರಿಕೆ, ಲೋಕಕ್ಕಾಗಿ ಬಿನ್ನಹ, ಮೇಜು, ಕೊನೆಗೆ ಆಶೀರ್ವಾದ ಹೊತ್ತು ಹೊರಡುವುದು. ಸಿಎಸ್‌ಐ 1950ರಲ್ಲಿ ರೂಪಿಸಿದ ಕರ್ತನ ಭೋಜನದ ಕ್ರಮ ಕೇರಳದ ಸುರಿಯಾನಿ ಕ್ರೈಸ್ತರಿಂದ ಒಂದು ರೂಢಿಯನ್ನು ಎತ್ತಿಕೊಂಡಿತು. ಶಾಂತಿ ಮೇಜಿನ ಬಳಿ ಪಾಲಕರಿಂದ ಹೊರಟು ಸಾಲಿನಿಂದ ಸಾಲಿಗೆ ಕೈಯಿಂದ ಕೈಗೆ ದಾಟುತ್ತದೆ. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗುತ್ತದೆ. ಇಬ್ಬರೂ ಎಡಗೈಯನ್ನು ಎದುರಿನವರ ಬಲಗೈ ಮೇಲೆ ಮುಚ್ಚುತ್ತಾರೆ. ಪಡೆಯದೆ ಇನ್ನೊಬ್ಬರಿಗೆ ಕೊಡಲು ಆಗದ ಹಾಗಿದೆ ಈ ವ್ಯವಸ್ಥೆ. (ಈಗ ಸುಮ್ಮನೆ ಕೈಮುಗಿದು ಮುಗಿಸುವುದೂ ಉಂಟು. ಅದರಲ್ಲಿ ಗೌರವ ಉಳಿಯುತ್ತದೆ, ದಾಟಿಸುವ ಕೆಲಸ ಮಾತ್ರ ಮಾಯವಾಗುತ್ತದೆ.) ಕಥೋಲಿಕ ಬಲಿಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸಗಳನ್ನು ಪೀಠಕ್ಕೆ ತಂದಾಗ ಗುರುಗಳು ಹೇಳುವ ಪ್ರಾರ್ಥನೆಯಲ್ಲಿ ಮನುಷ್ಯರ ಕೈಕೆಲಸದ ಪ್ರಸ್ತಾಪ ನೇರವಾಗಿಯೇ ಇದೆ, ಆದರೆ ಮೊದಲು ದೇವರಿಂದ ಪಡೆದದ್ದು ಎಂಬ ಮಾತಿನ ನಂತರ. ವಾರವಿಡೀ ಮಾಡಿದ ದುಡಿಮೆಗೆ ಅಲ್ಲಿ ಜಾಗವಿದೆ. ಅದು ಬೆಲೆಯಾಗಿ ಬರುವುದಿಲ್ಲ, ಕಾಣಿಕೆಯಾಗಿ ಬರುತ್ತದೆ.

ಮೈಯೂ ಇದನ್ನು ಕಲಿಯಬೇಕು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ, ಡಿ. ಎಸ್. ಅಮಲೋರ್ಪವದಾಸ್ ಅವರು ಕಟ್ಟಿ ಬೆಳೆಸಿದ ಎನ್‌ಬಿಸಿಎಲ್‌ಸಿ ಎಂಬ, ಸತ್ಯವೇದ, ಧರ್ಮಶಿಕ್ಷಣ, ಆರಾಧನೆಗಳಿಗೆ ಮೀಸಲಾದ ಕಥೋಲಿಕ ಕೇಂದ್ರದ ಹೆಸರು ಇಲ್ಲಿ ಹೇಳಬೇಕು. ಭಾರತೀಯ ಪೂಜಾಭಂಗಿಗಳನ್ನು ಬಲಿಪೂಜೆಗೆ ತರುವ ಹನ್ನೆರಡು ಅಂಶಗಳಿಗೆ ರೋಮಿನ ಒಪ್ಪಿಗೆ 1969ರಲ್ಲಿ ಸಿಕ್ಕಿತು. ಅವುಗಳ ಬಳಕೆ ಮತ್ತು ಪ್ರಸಾರಕ್ಕೆ ಈ ಕೇಂದ್ರ ನೆಲೆಯಾಯಿತು. ನೆಲದ ಮೇಲೆ ಕೂರುವುದು, ಅಂಜಲಿ, ಆರತಿ, ಪಂಚಾಂಗ ಪ್ರಣಾಮ ಅವುಗಳಲ್ಲಿ ಕೆಲವು. ಇವೆಲ್ಲ ಹಿಂದೂ ಪದ್ಧತಿಯ ಅನುಕರಣೆ ಎಂದು ಆಕ್ಷೇಪಿಸಿದ ಕ್ರೈಸ್ತರು ಅಂದೂ ಇದ್ದರು, ಇಂದೂ ಇದ್ದಾರೆ. ಆ ಜಗಳ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ. ನಮಗೆ ಬೇಕಾದ ಅಂಶ ಇಷ್ಟೇ: ಮೊಣಕಾಲು, ಅಂಗೈ, ಹಣೆ ನೆಲಕ್ಕೆ ತಾಗಿದವನ ಕೈಯಲ್ಲಿ ತೋರಿಸಲು ಯಾವ ವರದಿಯೂ ಇರಲಾರದು.

ಹಾಗಾದರೆ ಇದು ಸೋಮಾರಿಗಳ ಧರ್ಮವಲ್ಲವೇ, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬನು ಬರೆದಿಲ್ಲವೇ ಎಂಬ ಪ್ರಶ್ನೆ ಮೊದಲು ಬರುತ್ತದೆ. ಬರೆದಿದ್ದಾನೆ, ಸರಿಯಾಗಿಯೇ ಬರೆದಿದ್ದಾನೆ. ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಎರಡೂ ಒಟ್ಟಿಗೆ ಇವೆ: ರಕ್ಷಣೆ ಕ್ರಿಯೆಗಳಿಂದಲ್ಲ ಎಂದ ಮರುಕ್ಷಣವೇ ಸತ್ಕ್ರಿಯೆಗಳಿಗಾಗಿಯೇ ನಾವು ಸೃಷ್ಟಿಯಾದದ್ದು ಎಂಬ ಮಾತು ಬರುತ್ತದೆ. ಪ್ರಯತ್ನವನ್ನು ತೆಗೆದುಹಾಕಿ ಎಂದು ಯಾರೂ ಹೇಳುತ್ತಿಲ್ಲ, ಅದರ ಸ್ಥಾನ ಬದಲಿಸಿ ಎನ್ನುವುದೇ ಮಾತು. ಎರಡನೆಯ ಪ್ರಶ್ನೆ ಇದಕ್ಕಿಂತ ಗಂಭೀರ. ನ್ಯಾಯವಿಲ್ಲದ ನಾಡಿನ ಹಬ್ಬಗಳನ್ನೂ ಹಾಡುಗಳನ್ನೂ ದೇವರು ಹೇಸುತ್ತಾನೆ ಎಂದು ಪ್ರವಾದಿ ಆಮೋಸನು ಐದನೇ ಅಧ್ಯಾಯದಲ್ಲಿ ಸಾರಿದ್ದಾನೆ. ಆರಾಧನೆಯನ್ನೇ ಹಿಡಿದು ಕೂತರೆ ಅನ್ಯಾಯಕ್ಕೆ ಪರದೆ ಹಾಕಿದಂತೆ ಆಗುವುದಿಲ್ಲವೇ? ಆಗಬಹುದು, ಆಗಿದೆ ಕೂಡ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಬಂದು ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು; ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲನು ಅವರಿಗೆ ಖಡಾಖಂಡಿತವಾಗಿ ಬರೆದ. ನಮ್ಮ ಚರ್ಚುಗಳಲ್ಲಿ ಜಾತಿಯ ಸಾಲುಗಳು ಪೂರ್ತಿ ಅಳಿಸಿಹೋಗಿವೆ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ಆಮೋಸನ, ಪೌಲನ ಮದ್ದು ಆರಾಧನೆಯನ್ನು ಬಿಡುವುದಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಸಹೋದರನೊಂದಿಗೆ ಒಂದಾಗಿ ಬಾ ಎಂದ ಯೇಸುವೂ ಕೊನೆಗೆ ಮರಳಿ ಬಂದು ಕಾಣಿಕೆ ಸಲ್ಲಿಸು ಎಂದೇ ಹೇಳಿದ.

ಮೂರನೆಯ ಆಕ್ಷೇಪ ಹೊರಗಿನವರಿಂದ ಬರುವುದಲ್ಲ. ಆರಾಧನೆಯೇ ಹೊಸ ಸಾಧನೆಯಾಗಿಬಿಡುತ್ತದೆ. ಇಡೀ ರಾತ್ರಿ ಪ್ರಾರ್ಥನೆ, ನಲವತ್ತು ದಿನದ ಉಪವಾಸ, ಯಾರು ಎಷ್ಟು ಜೋರಾಗಿ ಹಾಡಿದರು, ಯಾರಿಗೆ ಕಣ್ಣೀರು ಬಂತು ಎಂಬ ಅಳತೆಗಳು ಹುಟ್ಟಿಕೊಳ್ಳುತ್ತವೆ. ಇದಕ್ಕೆ ಇಬ್ರಿಯರಿಗೆ ಬರೆದ ಪತ್ರದಲ್ಲಿ ಉತ್ತರವಿದೆ. ನಿಜವಾದ ಗುಡಾರದಲ್ಲಿ ಸೇವೆ ನಡೆಸುತ್ತಿರುವ ಮಹಾಯಾಜಕ ಕ್ರಿಸ್ತನೇ. ಸಭೆ ಅವನ ಪ್ರಾರ್ಥನೆಗೆ ದನಿಗೂಡಿಸುತ್ತದೆ ಅಷ್ಟೇ. ಸ್ಕಾಟ್ಲೆಂಡಿನ ದೇವಶಾಸ್ತ್ರಜ್ಞ ಜೇಮ್ಸ್ ಟೊರೆನ್ಸ್ 1996ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಈ ಒಂದು ಅಂಶವನ್ನೇ ಹಿಡಿದು ಚರ್ಚಿಸಿದ್ದಾನೆ: ಆರಾಧನೆ ನಾವು ದೇವರಿಗಾಗಿ ಮಾಡುವ ಕೆಲಸ ಎಂದುಕೊಂಡಷ್ಟು ದಿನ ಅದು ದಣಿಸುತ್ತದೆ, ಮಗನು ತಂದೆಗೆ ಸಲ್ಲಿಸುತ್ತಿರುವ ಆರಾಧನೆಯಲ್ಲಿ ಪಾಲು ಸಿಗುವುದೇ ಕೊಡುಗೆ. ಆದ್ದರಿಂದ ಏನೂ ಅನ್ನಿಸದ ಭಾನುವಾರವೂ ವ್ಯರ್ಥವಲ್ಲ. ಕೀರ್ತನೆಗಳ ಪುಸ್ತಕದಲ್ಲಿ ಮೂರನೇ ಒಂದರಷ್ಟು ಗೋಳಿನವೇ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಇಲ್ಲದೆ. ಅದೂ ಆರಾಧನೆಯೇ.

ಈಗ ದಿನಬಳಕೆಯ ವಿಷಯಕ್ಕೆ ಬರೋಣ. ವಾರವನ್ನು ಭಾನುವಾರದಿಂದ ಎಣಿಸಿ, ಆ ಭಾನುವಾರವನ್ನು ಶನಿವಾರ ಸಂಜೆಯಿಂದ ಹಿಡಿಯಿರಿ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದಿನ ಸಂಜೆಯಿಂದ ಶುರುವಾಗುತ್ತದೆ. ಮನುಷ್ಯ ಮಲಗಿದ್ದಾಗಲೇ ದೇವರ ಕೆಲಸ ಅರ್ಧ ಮುಗಿದಿರುತ್ತದೆ. ಮರುದಿನದ ವಾಕ್ಯಭಾಗವನ್ನು ರಾತ್ರಿಯೇ ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ನಿಗದಿತ ವಾಚನಗಳ ಪಟ್ಟಿ ಇರುವ ಸಭೆಗಳಲ್ಲಿ ಇದು ಸುಲಭ, ಇಲ್ಲದಿದ್ದರೆ ಪಾಲಕರನ್ನು ಕೇಳಿದರಾಯಿತು. ಹೆಬ್ಬಾಳ ಫ್ಲೈಓವರ್ ದಾಟಿ ಪೇಟೆಯ ದೊಡ್ಡ ಚರ್ಚಿಗೆ ಹೋಗುವುದು ಪ್ರತಿಷ್ಠೆ ಅನ್ನಿಸಬಹುದು. ಪ್ರತಿವಾರ ತಪ್ಪದೆ ಹೋಗಬಹುದಾದ, ಅಕ್ಕಪಕ್ಕ ಕೂತವರ ಹೆಸರು ಗೊತ್ತಾಗುವಷ್ಟು ಹತ್ತಿರದ ಸಭೆ ಅದಕ್ಕಿಂತ ಮೇಲು. ಈ ಊರಿನಲ್ಲಿ ಇಂಗ್ಲಿಷ್, ತಮಿಳು, ಮಲಯಾಳಂ, ತೆಲುಗು, ಕೊಂಕಣಿ, ಕನ್ನಡ ಎಲ್ಲದರಲ್ಲೂ ಆರಾಧನೆ ನಡೆಯುತ್ತದೆ. ನೋವಾದಾಗ ಬಾಯಿಗೆ ಯಾವ ಭಾಷೆ ಬರುತ್ತದೋ ಅದನ್ನೇ ಆರಿಸಿಕೊಳ್ಳಿ. ಮಂಗಳೂರಿನ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಕಥೆಯನ್ನು ‘ಕಥಾಮಾಲೆ’ಯಾಗಿ ಕನ್ನಡದ ಛಂದಸ್ಸಿನಲ್ಲೇ ಕಟ್ಟಿದ. ತನ್ನ ಕನ್ನಡ ನಿಘಂಟು ಬರುವುದಕ್ಕೆ ಮೂವತ್ತೆರಡು ವರ್ಷ ಮೊದಲೇ ಅವನಿಗೆ ಹಾಡಿನ ಬೆಲೆ ಗೊತ್ತಿತ್ತು.

ಪಾಳಿಯಲ್ಲಿ ದುಡಿಯುವವರು ಭಾನುವಾರ ಸಿಗುವುದಿಲ್ಲ ಎಂದು ತಪ್ಪಿತಸ್ಥರಂತೆ ಕೂರುವ ಅಗತ್ಯವಿಲ್ಲ. ರೋಮ್ ಸಾಮ್ರಾಜ್ಯದಲ್ಲಿ ಭಾನುವಾರ ರಜೆಯಾದದ್ದು 321ರಲ್ಲಿ, ಕಾನ್‌ಸ್ಟಂಟೈನನ ಆಜ್ಞೆಯಿಂದ. ಅದಕ್ಕೂ ಮೊದಲಿನ ಕ್ರೈಸ್ತರಿಗೆ ಅದು ಎಂದಿನಂತೆ ಕೆಲಸದ ದಿನ. ಸುಮಾರು 112ರಲ್ಲಿ ಪ್ರಾಂತಾಧಿಕಾರಿ ಪ್ಲಿನಿಯು ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಈ ಜನ ಗೊತ್ತಾದ ಒಂದು ದಿನ ನಸುಕಿಗೆ ಮುಂಚೆ ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ ಎಂದು ವರದಿ ಮಾಡಿದ್ದಾನೆ. ಅವರಲ್ಲಿ ದಾಸಿಯರೂ ಇದ್ದರು. ಬೆಳಕು ಹರಿದರೆ ಕೆಲಸಕ್ಕೆ ಹೋಗಬೇಕಾದವರ ಆರಾಧನೆ ಅದು. ಕಥೋಲಿಕರಿಗೆ ಹಿಂದಿನ ಸಂಜೆಯ ಬಲಿಪೂಜೆಯೂ ಭಾನುವಾರದ ಲೆಕ್ಕಕ್ಕೆ ಸೇರುತ್ತದೆ. ಉಳಿದವರು ಬೆಳಗಿನ ಮೊದಲ ಆರಾಧನೆ, ಸಂಜೆಯ ಆರಾಧನೆ, ಅದೂ ಆಗದಿದ್ದರೆ ವಾರದ ನಡುವಿನ ಕೂಟವನ್ನು ಹಿಡಿದುಕೊಳ್ಳಬಹುದು. ಇಲ್ಲೇ ಇನ್ನೊಂದು ಮಾತು. ಸಹಕಾರನಗರದ ಅಪಾರ್ಟ್‌ಮೆಂಟುಗಳಲ್ಲಿ ಮನೆಯವರು ಚರ್ಚಿಗೆ ಹೋದ ಹೊತ್ತಿನಲ್ಲಿ ಪಾತ್ರೆ ತೊಳೆಯುತ್ತಿರುವ ಹೆಂಗಸೂ ಎಷ್ಟೋ ಸಲ ಕ್ರೈಸ್ತಳೇ ಆಗಿರುತ್ತಾಳೆ. ಧರ್ಮೋಪದೇಶಕಾಂಡದ ಐದನೇ ಅಧ್ಯಾಯದಲ್ಲಿ ಸಬ್ಬತ್ತಿನ ಆಜ್ಞೆ ದಾಸದಾಸಿಯರ ವಿಶ್ರಾಂತಿಯನ್ನು ಬಿಡಿಸಿ ಹೇಳುತ್ತದೆ. ಅವಳ ಧರ್ಮ ಯಾವುದೇ ಇರಲಿ, ಸಂಬಳ ಹಿಡಿಯದೆ ಭಾನುವಾರ ರಜೆ ಕೊಡುವುದು ಆರಾಧನೆಯ ಮೊದಲ ಫಲವಾಗಬೇಕು.

ವಾರದ ಉಳಿದ ದಿನಗಳಿಗೆ ಹೆಚ್ಚೇನೂ ಬೇಡ. ಬೆಳಿಗ್ಗೆ ಒಂದು ಕೀರ್ತನೆ, ಕರ್ತನ ಪ್ರಾರ್ಥನೆ. ದಿನಕ್ಕೊಂದರಂತೆ 150 ಕೀರ್ತನೆಗಳು ಐದು ತಿಂಗಳಲ್ಲಿ ಮುಗಿಯುತ್ತವೆ, ಮತ್ತೆ ಮೊದಲಿನಿಂದ. ಒಂದು ದಿನ ತಪ್ಪಿದರೆ ಹಿಂದಿನದನ್ನು ಸೇರಿಸಿ ಓದುವ ಗೋಜಿಗೆ ಹೋಗದೆ ಆ ದಿನದ್ದನ್ನು ಓದಿ. ಬಾಕಿ ತೀರಿಸುವ ಅಭ್ಯಾಸವೇ ಲೆಕ್ಕದ ಪುಸ್ತಕವನ್ನು ಹಿಂದಿನ ಬಾಗಿಲಿನಿಂದ ಒಳಗೆ ತರುವುದು. ರಾತ್ರಿ ಆತ್ಮಪರೀಕ್ಷೆ ಮಾಡುವವರು ಲೊಯೋಲದ ಇಗ್ನಾಸಿಯ ಹಾಕಿಕೊಟ್ಟ ಕ್ರಮವನ್ನು ಅನುಸರಿಸಲಿ. ಅವನ ಐದು ಹೆಜ್ಜೆಗಳಲ್ಲಿ ಮೊದಲನೆಯದು ಆ ದಿನ ಪಡೆದ ಉಪಕಾರಗಳಿಗೆ ಸ್ತೋತ್ರ. ತಪ್ಪುಗಳ ಸರದಿ ಆಮೇಲೆ. ಇಟ್ಟುಕೊಂಡಿರುವ ವ್ರತ, ಯೋಜನೆ, ಆಪ್‌ಗಳಲ್ಲಿ ಒಂದನ್ನಾದರೂ ಈ ತಿಂಗಳು ಕೈಬಿಡಿ. ಆ ಹೊತ್ತನ್ನು ಇನ್ನೊಂದು ಶಿಸ್ತಿನಿಂದ ತುಂಬಲು ಹೋಗಬೇಡಿ.

ಇನ್ನು ಹಲವು ತಿಂಗಳು, ಹಲವು ವರ್ಷ ಚರ್ಚಿನ ಮೆಟ್ಟಿಲು ಹತ್ತದವರ ವಿಷಯ. ಮೊದಲು ನನ್ನ ಬದುಕು ಸರಿಯಾಗಲಿ, ಕುಡಿತ ಬಿಡುತ್ತೇನೆ, ತಮ್ಮನ ಜೊತೆ ಮಾತು ಶುರುವಾಗಲಿ, ಆಮೇಲೆ ಬರುತ್ತೇನೆ ಎನ್ನುವವರು ಪ್ರತಿ ಸಭೆಯ ಹೊರಗೂ ಇದ್ದಾರೆ. ಪಾಪದ ಅರಿಕೆಯನ್ನು ಆರಾಧನೆಯ ಮೊದಲ ಭಾಗದಲ್ಲೇ ಇಟ್ಟಿರುವುದು ಇಂಥವರಿಗಾಗಿಯೇ. ಸರಿಯಾದವರು ಮಾತ್ರ ಬರಬೇಕಿದ್ದರೆ ಅದಕ್ಕೆ ಅಲ್ಲಿ ಕೆಲಸವೇ ಇರುತ್ತಿರಲಿಲ್ಲ. ಕಥೋಲಿಕರಾದರೆ ಗಂಭೀರ ಪಾಪವಿದ್ದಾಗ ಪರಮಪ್ರಸಾದಕ್ಕೆ ಮೊದಲು ಪಾಪನಿವೇದನೆ ಮಾಡಿಕೊಳ್ಳಬೇಕು. ಬಲಿಪೂಜೆಗೆ ಸ್ವಲ್ಪ ಮುಂಚೆ ಹೋದರೆ ಗುರುಗಳು ಸಿಗುತ್ತಾರೆ, ಸಿಗದಿದ್ದರೂ ಪೂಜೆಯಲ್ಲಿ ಕೂರಲು ಅಡ್ಡಿಯಿಲ್ಲ. ಉಳಿದ ಸಭೆಗಳವರು ಪಾಲಕರಿಗೆ ಒಂದು ಫೋನ್ ಮಾಡಿ, ಬಹಳ ದಿನವಾಯಿತು, ಈ ವಾರ ಬರುತ್ತಿದ್ದೇನೆ ಎಂದರೆ ಸಾಕು. ಹೋದ ದಿನ ಹಾಡಿನ ರಾಗ ಮರೆತಿರಬಹುದು, ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂಬುದೂ ತಪ್ಪಬಹುದು. ಪಕ್ಕದವರನ್ನು ನೋಡಿಕೊಂಡು ಮಾಡಿ.